ತಲೆಪೆಟ್ಟಿನ ನಂತರ ನಡೆದಾಡಲು ಶುರುಮಾಡಿದರೆ ಪೂರ್ತಿ ಗುಣವಾದಂತೆಯೇ?

ತಲೆಗೆ ಪೆಟ್ಟು ಬಿದ್ದು ಹಾಸಿಗೆ ಹಿಡಿದವರು ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮನೆಮಂದಿಗೆ ಹೋದ ಜೀವ ಬಂದಂತಾಗುತ್ತದೆ. ಆ ವಿಡಿಯೋ ವಾಟ್ಸಾಪ್ ಗುಂಪಿಗೆ ಬಂದ ಕೂಡಲೇ ‘ಇನ್ನೇನು, ಗುಣವಾದಂತೆಯೇ’ ಎನ್ನುತ್ತೇವೆ. ಆದರೆ ಚಿಕಿತ್ಸೆ ನೀಡುವವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಎಷ್ಟು ವೇಗದಲ್ಲಿ ನಡೆಯಬಲ್ಲರು?

ಅಳೆಯುವುದು ಹೇಗೆ?

ಇದಕ್ಕೆ ಫಿಸಿಯೋಥೆರಪಿಸ್ಟ್‌ಗಳು ಹೆಚ್ಚಾಗಿ ಬಳಸುವುದು ಹತ್ತು ಮೀಟರ್ ನಡಿಗೆ ಪರೀಕ್ಷೆ. ಸಮತಟ್ಟಾದ ಜಾಗ, ಅಳತೆ ಟೇಪು, ಸ್ಟಾಪ್‌ವಾಚ್ ಇದ್ದರೆ ಸಾಕು. ಒಂದು ಪದ್ಧತಿಯಲ್ಲಿ ಮೊದಲ 2 ಮೀಟರ್ ವೇಗ ಹಿಡಿಯಲು, ಕೊನೆಯ 2 ಮೀಟರ್ ನಿಧಾನಿಸಲು ಬಿಟ್ಟು, ನಡುವಿನ 6 ಮೀಟರ್‌ಗೆ ಹಿಡಿದ ಸಮಯವನ್ನಷ್ಟೇ ಲೆಕ್ಕ ಹಾಕುತ್ತಾರೆ. 12 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 0.5 ಮೀಟರ್. ಊರುಗೋಲು ಬಳಸಬಹುದು, ಆದರೆ ಅದನ್ನು ಬರೆದಿಡಬೇಕು. ಇಲ್ಲವಾದರೆ ಮುಂದಿನ ತಿಂಗಳ ಅಳತೆಯೊಂದಿಗೆ ಹೋಲಿಸಲಾಗದು.

ಆ ಅಂಕಿ ಏನು ಹೇಳುತ್ತದೆ?

ಅಮೆರಿಕದ ವೈದ್ಯೆ ಜಾಕ್ವೆಲಿನ್ ಪೆರ್ರಿ ಮತ್ತು ಸಂಗಡಿಗರು ಪಾರ್ಶ್ವವಾಯು ಆದವರ ನಡಿಗೆಯನ್ನು ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಅದರ ಸಾರ ಹೀಗಿದೆ:

• ಸೆಕೆಂಡಿಗೆ 0.4 ಮೀಟರ್‌ಗಿಂತ ಕಡಿಮೆ: ಓಡಾಟ ಬಹುತೇಕ ಮನೆಯೊಳಗೆ
• 0.4ರಿಂದ 0.8: ಹೊರಗೆ ಸೀಮಿತ ಓಡಾಟ
• 0.8ಕ್ಕಿಂತ ಹೆಚ್ಚು: ಹೊರಗೂ ಸ್ವತಂತ್ರ ಓಡಾಟ

12 ಮೀಟರ್ ಅಗಲದ ರಸ್ತೆಯನ್ನು ನೆನೆಸಿಕೊಳ್ಳಿ. ಸೆಕೆಂಡಿಗೆ 1.2 ಮೀಟರ್ ನಡೆಯುವವರು ಅದನ್ನು 10 ಸೆಕೆಂಡಿನಲ್ಲಿ ದಾಟುತ್ತಾರೆ. 0.4ರ ವೇಗದವರಿಗೆ 30 ಸೆಕೆಂಡು ಬೇಕು. ಅಷ್ಟು ಹೊತ್ತು ಸಿಗ್ನಲ್ ಕಾಯದೇ ಹೋಗಬಹುದು. ಮನೆಯ ಹಜಾರದಲ್ಲಿ ಚೆನ್ನಾಗಿ ನಡೆಯುವವರೂ ರಸ್ತೆಯಲ್ಲಿ ಅಪಾಯಕ್ಕೆ ಸಿಲುಕುವುದು ಹೀಗೆ.

ವೇಗ ಹೆಚ್ಚಿದರೆ ಸಾಕೇ?

ಸಾಲದು. ಮೇಲಿನ ಮಿತಿಗಳು ಪಾರ್ಶ್ವವಾಯು ಆದವರಿಂದ ಬಂದವು. ತಲೆಪೆಟ್ಟು ಬಿದ್ದವರಲ್ಲಿ ಕಾಲಿನ ಬಲ ಮರಳಿದರೂ ಸಮತೋಲನ, ಗಮನ ಕುಂದಿರಬಹುದು. ಖಾಲಿ ಕಾರಿಡಾರಿನಲ್ಲಿ ಸರಾಗವಾಗಿ ನಡೆಯುವವರು ಮಾತನಾಡುತ್ತಾ ನಡೆದಾಗ ತಡವರಿಸಬಹುದು. ಹಾಗಾಗಿಯೇ ಓಟ, ಕುಂಟುವುದು, ಮೆಟ್ಟಿಲು ಹತ್ತಿಳಿಯುವುದು ಮುಂತಾದ 13 ಅಂಶಗಳನ್ನು ನೋಡುವ ‘ಹೈಮ್ಯಾಟ್’ ಎಂಬ ಪರೀಕ್ಷೆಯನ್ನು ಆಸ್ಟ್ರೇಲಿಯಾದಲ್ಲಿ ರೂಪಿಸಲಾಯಿತು.

ನಾವು ಏನು ಮಾಡಬಹುದು?

‘ಬೇಗ ಬೇಗ ನಡಿ’ ಎಂದು ಒತ್ತಾಯಿಸುವುದು ಬೇಡ. ಬಿದ್ದು ತಲೆಗೆ ಮತ್ತೆ ಪೆಟ್ಟಾದರೆ ಗಳಿಸಿದ್ದೆಲ್ಲ ಕೈತಪ್ಪಬಹುದು. ಫಿಸಿಯೋಥೆರಪಿಸ್ಟ್ ಬಳಿ ಮೂರು ಪ್ರಶ್ನೆ ಕೇಳಿ: ಕಳೆದ ಸಲ ವೇಗ ಎಷ್ಟಿತ್ತು? ಈಗ ಎಷ್ಟಿದೆ? ಒಬ್ಬರೇ ರಸ್ತೆ ದಾಟಲು ಇನ್ನೇನು ಬೇಕು? ಅಲ್ಲಿಯವರೆಗೆ ಮನೆಯಿಂದ ಹೊರಗೆ ಯಾರಾದರೂ ಜೊತೆಗಿರಲಿ.