ಇಡೀ ಸ್ತನವನ್ನೇ ತೆಗೆಯಬೇಕೇ?

ಒಂದೇ ಸ್ತನದಲ್ಲಿ ಎರಡು ಮೂರು ಕ್ಯಾನ್ಸರ್ ಗಡ್ಡೆಗಳಿವೆ ಎಂದು ತಿಳಿದ ಮಹಿಳೆ ಮೊದಲು ಕೇಳುವ ಪ್ರಶ್ನೆ ಇದು. ಇದಕ್ಕೆ ವೈದ್ಯಲೋಕ ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. ಆ ಚರಿತ್ರೆಯನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ಹತ್ತನೇ ಶತಮಾನದಲ್ಲಿ ಮುಸ್ಲಿಮ್ ಸ್ಪೇನಿನ ಕೊರ್ಡೋವಾದಲ್ಲಿ ಬಾಳಿದ ಅಬುಲ್ ಕಾಸಿಮ್ ಅಝ್ಝಹ್ರಾವಿ 30 ಭಾಗಗಳ 'ಅತ್ತಸ್ರೀಫ್' ಎಂಬ ವೈದ್ಯಗ್ರಂಥ ಬರೆದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಗಡ್ಡೆ ಆರಂಭದ ಹಂತದಲ್ಲಿದ್ದು, ಪೂರ್ತಿಯಾಗಿ ತೆಗೆಯಲು ಸಾಧ್ಯವಿದ್ದರೆ ತೆಗೆಯಬಹುದು. ಹಳೆಯದಾಗಿ ದೊಡ್ಡದಾಗಿದ್ದರೆ ಮುಟ್ಟಬಾರದು ಎಂಬುದು ಅವರ ಸಲಹೆ. ಬಲಿತ ಕ್ಯಾನ್ಸರನ್ನು ತಾನು ಗುಣಪಡಿಸಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ಕತ್ತಿಯ ಮಿತಿ ಅವರಿಗೆ ತಿಳಿದಿತ್ತು.

19ನೇ ಶತಮಾನದ ಮಧ್ಯದಲ್ಲಿ ಅರಿವಳಿಕೆ ಬಂದು ವೈದ್ಯರ ಧೈರ್ಯ ಹೆಚ್ಚಿತು. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಹೆಚ್ಚು ಕತ್ತರಿಸಿದಷ್ಟೂ ಕ್ಷೇಮ ಎಂಬ ನಂಬಿಕೆ ಸುಮಾರು 70 ವರ್ಷ ಆಳಿತು. ಅಸಂಖ್ಯ ಮಹಿಳೆಯರು ಊದಿದ ಕೈ, ಗುಳಿಬಿದ್ದ ಎದೆಯೊಂದಿಗೆ ಬದುಕಿದರು.

ಇದನ್ನು ಪ್ರಶ್ನಿಸಿದವರು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಮತ್ತು ಮಿಲಾನಿನ ಉಂಬೆರ್ಟೊ ವೆರೊನೇಸಿ. ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲವೆಂದು 2002ರಲ್ಲಿ ಪ್ರಕಟವಾದ ಅವರಿಬ್ಬರ 20 ವರ್ಷಗಳ ಫಲಿತಾಂಶ ತೋರಿಸಿತು. ಆದರೆ ಹಲವು ಗಡ್ಡೆಗಳಿದ್ದವರಿಗೆ ಈ ಭಾಗ್ಯ ಸಿಗಲಿಲ್ಲ. ಅಂಥವರಲ್ಲಿ ಅದೇ ಸ್ತನದಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಹಳೆಯ ಅನುಭವ ಹೇಳುತ್ತಿದ್ದುದರಿಂದ ಪೂರ್ತಿ ತೆಗೆಯುವುದೇ ನಿಯಮವಾಗಿ ಉಳಿಯಿತು.

2023ರಲ್ಲಿ ಅಮೆರಿಕದ ಒಂದು ಅಧ್ಯಯನ ಹೊರಬಂತು. 40 ದಾಟಿದ, ಒಂದೇ ಸ್ತನದಲ್ಲಿ ಎರಡು ಅಥವಾ ಮೂರು ಗಡ್ಡೆಗಳಿದ್ದ 204 ಮಹಿಳೆಯರ ಗಡ್ಡೆಗಳನ್ನಷ್ಟೇ ತೆಗೆದು ವಿಕಿರಣ ನೀಡಲಾಗಿತ್ತು. ಐದು ವರ್ಷಗಳಲ್ಲಿ ರೋಗ ಅಲ್ಲಿಯೇ ಮರುಕಳಿಸಿದ್ದು ಕೇವಲ ಶೇ. 3.1ರಷ್ಟು. ಮೊದಲೇ ಎಂ.ಆರ್.ಐ. ಮಾಡಿಸಿಕೊಂಡವರಲ್ಲಿ ಇದು ಇನ್ನೂ ಕಡಿಮೆ.

ಇದು ಎಲ್ಲರಿಗೂ ಅನ್ವಯಿಸುವುದಿಲ್ಲ. ಸ್ತನದ ತುಂಬ ರೋಗ ಹರಡಿದ್ದರೆ, ವಿಕಿರಣ ಪಡೆಯಲಾಗದಿದ್ದರೆ ಪೂರ್ತಿ ತೆಗೆಯುವುದೇ ಸೂಕ್ತ. ಬಳಿಕ ಸ್ತನವನ್ನು ಮರುರೂಪಿಸುವ ಶಸ್ತ್ರಚಿಕಿತ್ಸೆಯೂ ಇದೆ. ಆದರೆ "ನನಗೆ ಬೇರೆ ದಾರಿಯಿದೆಯೇ?" ಎಂದು ವೈದ್ಯರನ್ನು ಕೇಳುವ ಹಕ್ಕು ಪ್ರತಿಯೊಬ್ಬ ಮಹಿಳೆಗೂ ಇದೆ.

ರೋಗ ಕೊಟ್ಟವನು ಔಷಧವನ್ನೂ ಇಟ್ಟಿದ್ದಾನೆಂದು ನಂಬುವವರು ನಾವು. ಆದರೂ ನಾಚಿಕೆಯಿಂದಲೋ, ಸ್ತನ ಕಳೆದುಕೊಳ್ಳುವ ಭಯದಿಂದಲೋ ನಮ್ಮ ಸಹೋದರಿಯರು ಗಡ್ಡೆಯನ್ನು ಮುಚ್ಚಿಡುತ್ತಾರೆ. ಬೇಗ ಬಂದವರಿಗೆ ಹೆಚ್ಚು ದಾರಿಗಳಿವೆ ಎಂಬುದನ್ನು ಝಹ್ರಾವಿ ಸಾವಿರ ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ನಾವು ನಮ್ಮ ಮನೆಗಳಲ್ಲಿ ಅದನ್ನು ಇನ್ನಾದರೂ ಬಾಯಿಬಿಟ್ಟು ಹೇಳಬೇಕು.