ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ: ರೋಗನಿರ್ಣಯದ ಇತಿಹಾಸ

ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಈ ಆನುವಂಶಿಕ ಕಾಯಿಲೆ ಸುಮಾರು 15ರಿಂದ 20 ಸಾವಿರ ಜನನಗಳಿಗೆ ಒಂದರಂತೆ ಕಾಣಿಸುತ್ತದೆ. ಹೆಸರಿಗೆ ಮೂಳೆಯ ರೋಗವಾದರೂ, ಇದನ್ನು ಗುರುತಿಸುವ ವಿದ್ಯೆ ಬೆಳೆದದ್ದು ವೈದ್ಯರ ಗಮನ ಮೂಳೆಯಿಂದಾಚೆ ಹರಿದಾಗಲೇ. ಸ್ವೀಡನ್ನಿನ ಸೇನಾ ಶಸ್ತ್ರವೈದ್ಯ ಏಕ್ಮನ್ 1788ರಲ್ಲೇ ಒಂದು ಮನೆತನದ ಮೂರು ತಲೆಮಾರುಗಳಲ್ಲಿ ಇದರ ಜಾಡು ಹಿಡಿದಿದ್ದ. ಮೂಳೆಯನ್ನಷ್ಟೇ ನೋಡಿದವರಿಗೆ ಮಾತ್ರ ರೋಗ ಹೋಳುಹೋಳಾಗಿ ಕಂಡಿತು: ಸ್ಟ್ರಾಸ್‌ಬರ್ಗಿನ ಲೋಬ್‌ಸ್ಟೈನ್ 1830ರ ದಶಕದಲ್ಲಿ ಒಂದು ಹೆಸರಿಟ್ಟ, ಆಮ್‌ಸ್ಟರ್‌ಡ್ಯಾಮಿನ ವ್ರೋಲಿಕ್ 1849ರಲ್ಲಿ ಶಿಶುವೊಂದರ ಅಸ್ಥಿಪಂಜರ ನೋಡಿ ಇಂದಿನ ಹೆಸರಿಟ್ಟ. ಬಿಡಿ ಎಳೆಗಳನ್ನು ಕೂಡಿಸಿದ್ದು ಕಣ್ಣು ಮತ್ತು ಕಿವಿ. ಕಣ್ಣಿನ ಬಿಳಿಭಾಗ ತೆಳುವಾದಾಗ ಒಳಗಿನ ಕಪ್ಪು ಪದರ ಹಾಯ್ದು ತೋರಿ, ಬಿಳಿ ನೀಲಿಯಾಗಿ ಕಾಣುತ್ತದೆ. ಸ್ವತಃ ರೋಗಿಯಾಗಿದ್ದ ಆಕ್ಸ್‌ಮನ್ 1831ರಲ್ಲೇ ಇದನ್ನು ಬರೆದಿಟ್ಟಿದ್ದ. ನೆದರ್‌ಲ್ಯಾಂಡ್ಸಿನ ವಾನ್ ಡೆರ್ ಹೂವೆ ಮತ್ತು ಡೆ ಕ್ಲೈನ್ 1918ರಲ್ಲಿ ಇದರ ಜತೆಗೆ ಕಿವುಡುತನವನ್ನೂ ಸೇರಿಸಿದರು.

ಎಕ್ಸ್-ರೇ ಬಂದ ಮೇಲೆ ಇವೆಲ್ಲ ಏಕೆ ಬೇಕು ಎನ್ನಬಹುದು. ಎಕ್ಸ್-ರೇ ಮುರಿತವನ್ನು ತೋರಿಸುತ್ತದೆ, ಕಾರಣವನ್ನು ಹೇಳುವುದು ಕಡಿಮೆ. ಈ ರೋಗವಿರುವ ಮಗುವಿನ ಹೆತ್ತವರೇ ಹೊಡೆದರೆಂಬ ಅನುಮಾನಕ್ಕೆ ಗುರಿಯಾಗುವುದೂ ಇದರಿಂದಲೇ. ಕಣ್ಣಿನ ಬಿಳಿಭಾಗದ ನೀಲಿಯೂ ಖಚಿತ ಸಾಕ್ಷಿಯಲ್ಲವೆಂಬ ಆಕ್ಷೇಪ ಇನ್ನೂ ಗಟ್ಟಿ. ಆರೋಗ್ಯವಂತ ಹಸುಗೂಸುಗಳಲ್ಲೂ ನಸುನೀಲಿ ಇರುತ್ತದೆ, ಕೆಲವು ರೋಗಿಗಳ ಕಣ್ಣು ಅಚ್ಚ ಬಿಳಿ. ಆದ್ದರಿಂದಲೇ ಆಸ್ಟ್ರೇಲಿಯಾದ ಸಿಲೆನ್ಸ್ ಮತ್ತು ಸಂಗಡಿಗರು 1979ರಲ್ಲಿ ಕಣ್ಣಿನ ಬಣ್ಣ, ಹಲ್ಲು, ಮೂಳೆಯ ವಿಕಾರ, ವಂಶಾವಳಿ ಎಲ್ಲವನ್ನೂ ಒಟ್ಟಿಗಿಟ್ಟು ನಾಲ್ಕು ಬಗೆಗಳನ್ನು ಗುರುತಿಸಿದರು. ಕೊಲಾಜನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷ 1983ರಲ್ಲಿ ಪತ್ತೆಯಾದಾಗ ಈ ಒಡನಾಟದ ಗುಟ್ಟು ಬಯಲಾಯಿತು: ಮೂಳೆ, ಹಲ್ಲು, ಕಣ್ಣಿನ ಬಿಳಿಭಾಗ ಮೂರಕ್ಕೂ ಅದೇ ಪ್ರೋಟೀನು ಆಧಾರ. ಅದರ ಪ್ರಮಾಣ ಅರ್ಧಕ್ಕಿಳಿದರೆ ರೋಗ ಸೌಮ್ಯ. ರಚನೆಯೇ ಕೆಟ್ಟರೆ ಸಾಮಾನ್ಯವಾಗಿ ಉಗ್ರ.

ಹಾಗಾದರೆ ಜೀನ್ ಪರೀಕ್ಷೆಯೊಂದೇ ಸಾಕಲ್ಲವೇ? ಸಾಲದು. ವರದಿಯಲ್ಲಿ ಅರ್ಥ ಸ್ಪಷ್ಟವಾಗದ ಬದಲಾವಣೆಗಳೂ ಬರುತ್ತವೆ. ಅವನ್ನು ತೂಗಿನೋಡಲು ರೋಗಿಯ ದೇಹವನ್ನೂ ಮನೆತನವನ್ನೂ ಮತ್ತೆ ನೋಡಲೇಬೇಕು. ವಂಶಾವಳಿಯಲ್ಲಿ ಬೇರೆ ರೋಗಿಗಳೇ ಇಲ್ಲದಿದ್ದರೂ ಅದು ಮೂಕವಲ್ಲ. ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಿರಬಹುದು. ಅಥವಾ, 2006ರಿಂದ ತಿಳಿದುಬಂದ ಬಗೆಗಳಂತೆ, ಆರೋಗ್ಯವಾಗಿರುವ ತಂದೆತಾಯಿ ಇಬ್ಬರಿಂದಲೂ ಒಂದೊಂದು ದೋಷ ಬಂದಿರಬಹುದು; ನಂಟರಾದ ತಂದೆತಾಯಿಯಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆಯಿರುವ ಕರ್ನಾಟಕದ ಕಡೆಗಳಲ್ಲಿ, ಹೆತ್ತವರು ಮದುವೆಗೆ ಮುಂಚೆಯೇ ನಂಟರೇ ಎಂದು ವೈದ್ಯರು ಕೇಳುವುದು ಈ ಕಾರಣಕ್ಕೆ.