ಕಣ್ಣು ಹೊಳೆದರೆ ಸಾಲದು: ಇರುಳು ಬೇಟೆಯ ದೀಪಗಳ ನೂರು ವರ್ಷ

ರಾತ್ರಿ ಟಾರ್ಚು ಬಿಟ್ಟಾಗ ಪೊದೆಯ ಸಂದಿನಲ್ಲಿ ಎರಡು ಕಣ್ಣು ಹೊಳೆಯುವುದು ಮಲೆನಾಡಿನವರಿಗೆ ಹೊಸದಲ್ಲ. ಹುಲಿ, ಚಿರತೆ, ನರಿ, ನಾಯಿಗಳ ರೆಟಿನಾದ ಹಿಂದೆ ಟಪೀಟಮ್ ಎಂಬ ಹೊಳಪಿನ ಪದರವಿದೆ. ಒಮ್ಮೆ ರೆಟಿನಾವನ್ನು ಹಾದುಹೋದ ಬೆಳಕನ್ನು ಅದು ಮತ್ತೆ ರೆಟಿನಾದ ಮೇಲೇ ತಿರುಗಿಸುತ್ತದೆ. ಮಿಕ್ಕ ಬೆಳಕು ಹೊರಬಂದು ನಮಗೆ ಕಾಣುತ್ತದೆ. ಇರುಳು ಬೇಟೆಯ ವಿದ್ಯೆಯೆಲ್ಲ ನಿಂತಿರುವುದು ಈ ಹೊಳಪಿನ ಮೇಲೆ. ಅದರ ಅಪಾಯವೂ ಅಲ್ಲೇ ಇದೆ. ಮೇಯಲು ಹೋಗಿ ತಪ್ಪಿಸಿಕೊಂಡ ಕರುವಿನ ಕಣ್ಣೂ ಹೊಳೆಯುತ್ತದೆ, ಪಕ್ಕದ ಮನೆಯ ನಾಯಿಯ ಕಣ್ಣೂ ಹೊಳೆಯುತ್ತದೆ. ಕಳೆದ ನೂರು ವರ್ಷಗಳಲ್ಲಿ ದೂರಕ್ಕೆ ಬೆಳಕು ಎಸೆಯುವ ಕೆಲಸ ಬಹು ಬೇಗ ಕೈಗೂಡಿತು. ಎದುರಿಗಿರುವುದು ಏನೆಂದು ಖಾತ್ರಿಯಾಗಿ ತೋರಿಸುವ ಕೆಲಸ ಇನ್ನೂ ಪೂರ್ತಿಯಾಗಿಲ್ಲ.

ಟಾರ್ಚು ಬರುವ ಮುಂಚೆ ಬೇಟೆಗಾರನಿಗೆ ಇದ್ದದ್ದು ಬೆಳದಿಂಗಳು, ಅದಿಲ್ಲದಿದ್ದರೆ ಪಂಜು. 1910ರಲ್ಲಿ ಕುಮಾವೂಂ ಸೀಮೆಯ ಪನಾರ್ ನರಭಕ್ಷಕ ಚಿರತೆಯನ್ನು ಬೇಟೆಗಾರ ಜಿಮ್ ಕಾರ್ಬೆಟ್ ಕೊಂದದ್ದು ಪಂಜಿನ ಬೆಳಕಿನಲ್ಲಿ. ಗಾಯಗೊಂಡ ಚಿರತೆಯನ್ನು ಹುಡುಕಲು ಹಳ್ಳಿಯವರು ಪೈನ್ ಮರದ ಸೀಳುಗಳನ್ನು ಹೊತ್ತಿಸಿಕೊಂಡು ಅವರ ಜೊತೆ ಹೊರಟರು. ಚಿರತೆ ಎರಗಿ ಬಂದಾಗ ಪಂಜುಗಳನ್ನು ಬಿಸಾಡಿ ಓಡಿದರು. ನೆಲಕ್ಕೆ ಬಿದ್ದು ಉರಿಯುತ್ತಿದ್ದ ಆ ಪಂಜುಗಳ ಬೆಳಕೇ ಕಾರ್ಬೆಟ್ಟರಿಗೆ ಗುಂಡು ಹೊಡೆಯಲು ಒದಗಿತು.

1892ರಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ಹೇರಳವಾಗಿ ತಯಾರಿಸುವ ದಾರಿ ಸಿಕ್ಕಿತು. ಅದರ ಮೇಲೆ ನೀರು ತೊಟ್ಟಿಕ್ಕಿಸಿದರೆ ಹುಟ್ಟುವ ಅನಿಲವನ್ನು ಉರಿಸುವ ದೀಪಗಳು ಗಣಿಗಳಿಂದ ಬೇಟೆಗಾರರ ಹಣೆಗೆ ಬಂದವು. ಕೈ ಎರಡೂ ಕೋವಿಗೆ ಬಿಡುವಾದದ್ದು ಆಗ. ಕೈಯಲ್ಲಿ ಹಿಡಿಯುವ ಬ್ಯಾಟರಿ ಟಾರ್ಚಿಗೆ ಡೇವಿಡ್ ಮಿಸೆಲ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1899ರಲ್ಲಿ. ಅದರ ಸೆಲ್ಲೂ ದುರ್ಬಲ, ತಂತಿಯೂ ದುರ್ಬಲ. 1910ರ ನಂತರ ಟಂಗ್‌ಸ್ಟನ್ ತಂತಿಯ ಬಲ್ಬು ಬಂದ ಮೇಲೆಯೇ ಟಾರ್ಚು ಕಾಡಿನಲ್ಲಿ ನಂಬುವಂಥ ವಸ್ತುವಾಯಿತು.

ನಂಬಿಕೆ ಎಂದರೆ ಎಷ್ಟರ ನಂಬಿಕೆ? ರುದ್ರಪ್ರಯಾಗದ ಕಥೆಯನ್ನೇ ನೋಡಿ. ಸರ್ಕಾರಿ ಲೆಕ್ಕದಲ್ಲಿ 125 ಜನರನ್ನು ತಿಂದ ಆ ಚಿರತೆಯ ಬೆನ್ನುಹತ್ತಿದ್ದಾಗ ಕಾರ್ಬೆಟ್ ಮತ್ತು ಜಿಲ್ಲೆಯ ಅಧಿಕಾರಿ ಇಬ್ಬಟ್‌ಸನ್ ಒಂದು ರಾತ್ರಿ ಪೆಟ್ರೋಲ್ ದೀಪ ಹಿಡಿದು ಮರದಿಂದಿಳಿದು ನಡೆದರು. ದೀಪ ಬಂಡೆಗೆ ತಗುಲಿತು, ಮ್ಯಾಂಟಲ್ ಉದುರಿತು. ನರಭಕ್ಷಕ ಓಡಾಡುವ ಕಾಡಿನಲ್ಲಿ ಉಳಿದದ್ದು ಒಂದು ನೀಲಿ ನಾಲಿಗೆಯಷ್ಟು ಉರಿ. ಕೊನೆಗೆ 1926ರ ಮೇ ತಿಂಗಳಲ್ಲಿ, ಗುಲಾಬ್‌ರಾಯ್‌ನ ಮಾವಿನ ಮರದ ಮೇಲೆ ಕೂತಿದ್ದ ಕಾರ್ಬೆಟ್ಟರ ಕೋವಿಗೆ ಟಾರ್ಚು ಕಟ್ಟಿತ್ತು. ಕೆಳಗೆ ಕಟ್ಟಿದ್ದ ಆಡಿನ ಕೊರಳ ಗಂಟೆ ಸದ್ದಾಯಿತು. ಗುಂಡಿ ಒತ್ತಿದರು, ಚಿರತೆ ಕಂಡಿತು, ಗುಂಡು ಹಾರಿತು, ಟಾರ್ಚು ಆರಿತು. ಏಟು ಬಿತ್ತೋ ಇಲ್ಲವೋ ಎಂದು ತಿಳಿಯದೆ ಬೆಳಗಿನ ತನಕ ಮರದ ಮೇಲೇ ಕಾಯಬೇಕಾಯಿತು. ಈ ಬೇಟೆಯ ಬಗ್ಗೆ ಕಾರ್ಬೆಟ್ ಬರೆದ ಪುಸ್ತಕವನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ನರ ಕಥೆಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕೊಟ್ಟವರೂ ಅವರೇ. ಆಂಡರ್ಸನ್ ಹೊತ್ತಿಗೆ ರೈಫಲ್ಲಿಗೆ ಕ್ಲಾಂಪ್ ಹಾಕಿ ಟಾರ್ಚು ಬಿಗಿಯುವುದು ಮಚಾನಿನ ಮಾಮೂಲಿ ಸಿದ್ಧತೆಯಾಗಿತ್ತು.

ಹಾಗೆ ಬಿಗಿಯುವುದೂ ಒಂದು ಕಸುಬು. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಒಳಗಿನ ಸೆಲ್ಲುಗಳು ಸ್ಪ್ರಿಂಗಿನ ಮೇಲೆ ಜರುಗಿ ಸಂಪರ್ಕ ತಪ್ಪುತ್ತದೆ. ಗಾಯಗೊಂಡ ಪ್ರಾಣಿ ತಿರುಗಿಬೀಳುವ ಕ್ಷಣವೂ ಅದೇ. ಜೊತೆಗೆ, ದುರ್ಬೀನಿಲ್ಲದ ಕೋವಿಯಲ್ಲಿ ನಳಿಗೆಯ ತುದಿಯ ಗುರಿಮೊಳೆ ಕಾಣಬೇಕಾದರೆ ಬೆಳಕು ಅದನ್ನು ಸವರಿಕೊಂಡೇ ಹೋಗಬೇಕು. ದುರ್ಬೀನು ಬಂದ ಮೇಲೆ ಇದು ತಲೆಕೆಳಗಾಯಿತು: ನಳಿಗೆಗೆ ತಾಗಿದ ಬೆಳಕು ಗಾಜಿನೊಳಗೆ ಮಂಜಿನಂತೆ ಹರಡಿ ಪ್ರಾಣಿಯನ್ನೇ ಮುಚ್ಚುತ್ತದೆ. ಆದ್ದರಿಂದ ದೀಪ ದುರ್ಬೀನಿನ ನೆತ್ತಿಗೆ ಹೋಯಿತು, ಅಥವಾ ನಳಿಗೆಯ ಪಕ್ಕದಲ್ಲಿ ಆದಷ್ಟು ಮುಂದಕ್ಕೆ ಸರಿಯಿತು.

ನಮ್ಮಲ್ಲಿ ಈ ಕಥೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು, ಮುಗಿಯಲೇಬೇಕಿತ್ತು. ಇಂದು ಹಣೆಗೆ ಹೆಡ್‌ಲೈಟು ಕಟ್ಟಿ ಕೋವಿ ಹಿಡಿದು ಕಾಡಿಗೆ ನುಗ್ಗುವುದು ಅಪರಾಧ, ಅದನ್ನು ಶಿಕಾರಿ ಎಂದು ಮೆರೆಸುವುದು ಬೇಡ. ಇನ್ನು ಮುಂದಿನ ಬೆಳವಣಿಗೆ ನಡೆದದ್ದು ಕುರಿಮರಿಗಳನ್ನು ಒಯ್ಯುವ ನರಿ, ತೋಳದ ಬಳಗದ ಕೊಯೋಟಿಗಳನ್ನು ರಾತ್ರಿ ಹೊಡೆಯಲು ಕಾನೂನು ಬಿಡುವ ನಾಡುಗಳಲ್ಲಿ: ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕದ ಹಲವು ರಾಜ್ಯಗಳು. ಆಸ್ಟ್ರೇಲಿಯಾದಲ್ಲಿ ನರಿ ಹೊರಗಿನಿಂದ ತಂದುಬಿಟ್ಟ ಪ್ರಾಣಿ. ಅಲ್ಲಿನ ಸಣ್ಣ ವನ್ಯಜೀವಿಗಳಿಗೆ ಅದು ದೊಡ್ಡ ಕಂಟಕ.

ಈ ನಾಡುಗಳಲ್ಲಿ ಮೊದಲು ಬಂದದ್ದು ಕಾರಿನ ಬ್ಯಾಟರಿಗೆ ಸಿಕ್ಕಿಸುವ ಹ್ಯಾಲೋಜನ್ ದೀಪ. ಜೀಪಿನ ಹಿಂದೆ ನಿಂತು ಒಬ್ಬ ಬೆಳಕು ಬೀಸುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಕೆಲವೇ ದಿನಗಳಲ್ಲಿ ನರಿಗಳು ಕಲಿತುಬಿಟ್ಟವು. ಬೆಳಕು ಕಂಡು ಒಮ್ಮೆ ಗುಂಡಿನಿಂದ ಬದುಕಿದ ನರಿ ಮುಂದೆ ಬೆಳಕು ಕಂಡರೆ ನಿಲ್ಲುವುದಿಲ್ಲ. ಆಗ ಗಾಜಿಗೆ ಕೆಂಪು ಫಿಲ್ಟರು ಬಂತು. ಇದಕ್ಕೆ ಕಣ್ಣಿನ ವಿಜ್ಞಾನದ ಆಧಾರವಿದೆ. ನಾಯಿಯ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡೇ ಬಗೆ. ಒಂದು 429 ನ್ಯಾನೋಮೀಟರ್, ಇನ್ನೊಂದು 555 ನ್ಯಾನೋಮೀಟರ್ ಸುತ್ತ ಹೆಚ್ಚು ಚುರುಕು ಎಂದು ಜೇ ನೈಟ್ಜ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು. ನರಿ, ಕೊಯೋಟಿಗಳೂ ನಾಯಿಯ ಕುಟುಂಬದವೇ. 620ರಾಚೆಯ ಕೆಂಪು ಅವಕ್ಕೆ ಬಲು ಮಂಕು. ಆದರೆ ಮಂಕು ಎಂದರೆ ಕಾಣುವುದೇ ಇಲ್ಲ ಎಂದಲ್ಲ. ಹಸಿರು ದೀಪ ನಮ್ಮ ಕಣ್ಣಿಗೆ ಸ್ಪಷ್ಟ ಎಂದು ಮಾರುತ್ತಾರೆ. ಅದು ಪ್ರಾಣಿಯ ಕಣ್ಣಿಗೂ ಅಷ್ಟೇ ಸ್ಪಷ್ಟ. ಬಣ್ಣದ ವಾದ ಅಂಗಡಿಗಳಲ್ಲಿ ಎಷ್ಟೇ ನಡೆಯಲಿ, ನನ್ನ ದೃಷ್ಟಿಯಲ್ಲಿ ಬಣ್ಣಕ್ಕಿಂತ ಮುಖ್ಯ ಬೆಳಕನ್ನು ಬಳಸುವ ರೀತಿ: ನಡುವಿನ ಪ್ರಖರ ಭಾಗವನ್ನು ನೆಲದಿಂದ ಮೇಲೆತ್ತಿ, ಅಂಚಿನ ಮಂದ ಬೆಳಕಿನಲ್ಲೇ ಹೊಲ ಸವರಿ, ಗುರುತು ಹಿಡಿಯುವಾಗ ಮಾತ್ರ ಪೂರ್ತಿ ಬಿಡುವುದು.

ಫಿಲ್ಟರಿಗೆ ಒಂದು ದೊಡ್ಡ ಕುಂದಿತ್ತು. ಹ್ಯಾಲೋಜನ್ ಬೆಳಕಿನ ಬಹುಪಾಲನ್ನು ಅದು ನುಂಗುತ್ತಿತ್ತು. ಅದನ್ನು ತೀರಿಸಿದ್ದು ಎಲ್‌ಇಡಿ. ಶುಜಿ ನಕಮುರಾ 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಮಾಡಿದ ಮೇಲೆ ಬಿಳಿ ಎಲ್‌ಇಡಿ ಬಂತು. ಕೆಂಪಾದರೆ ಕೆಂಪನ್ನೇ ಸೂಸುವ, ಫಿಲ್ಟರು ಬೇಡದ ದೀಪಗಳೂ ಬಲಗೊಂಡವು. ಲಿಥಿಯಂ ಸೆಲ್ಲು ಜೊತೆಗೂಡಿ ಕಾರಿನ ಬ್ಯಾಟರಿ ಹೊರುವ ಕಾಲ ಹೋಯಿತು.

ಕೊಳ್ಳುವವರು ಇಲ್ಲೇ ಮೋಸಹೋಗುವುದು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವ ಲೂಮೆನ್ ದೀಪದಿಂದ ಹೊರಬರುವ ಒಟ್ಟು ಬೆಳಕು. ದೂರ ಹೋಗುವುದನ್ನು ಹೇಳುವುದು ಕ್ಯಾಂಡೆಲಾ, ಅಂದರೆ ಒಂದೇ ದಿಕ್ಕಿನಲ್ಲಿ ಅದೆಷ್ಟು ಒಟ್ಟುಗೂಡಿದೆ ಎಂಬುದು. 2009ರ ಅಮೆರಿಕನ್ ಮಾನಕದಂತೆ ಬೆಳಕು 0.25 ಲಕ್ಸಿಗೆ ಇಳಿಯುವ ದೂರವೇ ದೀಪದ ಹರಹು. 10,000 ಕ್ಯಾಂಡೆಲಾ ಇದ್ದರೆ ಅದು 200 ಮೀಟರ್; ದೂರ ಎರಡರಷ್ಟಾಗಬೇಕಾದರೆ ಕ್ಯಾಂಡೆಲಾ ನಾಲ್ಕರಷ್ಟು ಬೇಕು. ಆದರೆ 0.25 ಲಕ್ಸ್ ಅಂದರೆ ಹೆಚ್ಚು ಕಡಿಮೆ ಹುಣ್ಣಿಮೆಯ ಬೆಳದಿಂಗಳು. ಆ ಬೆಳಕಿನಲ್ಲಿ ಏನೋ ಇದೆ ಎಂದು ತಿಳಿದೀತು, ಅದು ನರಿಯೋ ನಾಯಿಯೋ ತಿಳಿಯದು. ಗುರುತು ಹಿಡಿಯುವ ದೂರವನ್ನು ಅದರ ಅರ್ಧಕ್ಕಿಂತ ಕಡಿಮೆ ಎಂದೇ ಇಟ್ಟುಕೊಳ್ಳಬೇಕು.

ದೀಪ ಕೂರಿಸುವ ಗೊಂದಲವನ್ನು ಬಗೆಹರಿಸಿದ್ದು 1995ರಲ್ಲಿ ಅಮೆರಿಕದ ಸೇನೆ ಒಪ್ಪಿದ ಪಿಕಟಿನಿ ರೈಲು. ಒಂದೇ ಅಳತೆಯ ತೋಡುಗಳಿರುವ ಈ ಲೋಹದ ಪಟ್ಟಿಯಿಂದ ದೀಪವನ್ನು ತೆಗೆದು ಮತ್ತೆ ಅದೇ ತೋಡಿಗೆ ಕೂರಿಸಿದರೆ ಅದು ಹೆಚ್ಚುಕಡಿಮೆ ಅದೇ ಜಾಗಕ್ಕೆ ನೋಡುತ್ತದೆ. ಗುಂಡಿಯೂ ತಂತಿಯಲ್ಲಿ ಬಂದು ಬೆರಳಿಗೆ ಸಿಗುವಲ್ಲಿ ಕೂತಿತು. ಚಟ್ ಎಂದು ಹೊತ್ತುವ ಗುಂಡಿಗಿಂತ ಬೆಳಕನ್ನು ಮೆಲ್ಲಗೆ ಏರಿಸುವ ಡಿಮ್ಮರು ಒಳ್ಳೆಯದು. ಪ್ರಾಣಿ ಬೆದರುವುದು ಬೆಳಕಿಗಿಂತ ಅದರ ಹಠಾತ್ ಬದಲಾವಣೆಗೆ.

ಮುಂದಿನ ಹೆಜ್ಜೆ ಅವಕೆಂಪು ದೀಪ; ಅದರ ಬೆಳಕು ಬರಿಗಣ್ಣಿಗೆ ಬಹುಮಟ್ಟಿಗೆ ಕಾಣದು, ಕ್ಯಾಮೆರಾದ ಮೂಲಕ ನೋಡಬೇಕು. 850 ನ್ಯಾನೋಮೀಟರಿನದ್ದು ದೂರ ತಲುಪುತ್ತದೆ, ಆದರೆ ಅದರ ಮುಖದಲ್ಲಿ ಸಣ್ಣ ಕೆಂಪು ಚುಕ್ಕೆ ಕಾಣುತ್ತದೆ. 940ರದ್ದು ಕಾಣುವುದಿಲ್ಲ, ಆದರೆ ಕ್ಯಾಮೆರಾಕ್ಕೂ ಅದು ಕಡಿಮೆ ಗೋಚರ. ಕೊನೆಗೆ ಬಂದ ಥರ್ಮಲ್ ದುರ್ಬೀನಿಗೆ ದೀಪವೇ ಬೇಡ. ಮೈಯ ಶಾಖವನ್ನೇ ಚಿತ್ರವಾಗಿಸುತ್ತದೆ. ಪ್ರಾಣಿ ಇದೆ ಎಂದು ಪತ್ತೆಹಚ್ಚುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ದೂರದಲ್ಲಿ ಅದು ತೋರಿಸುವುದು ಒಂದು ಬಿಳಿ ಆಕಾರ, ಮೈಬಣ್ಣವಿಲ್ಲ, ಕಣ್ಣಿಲ್ಲ. ಹಾಗಾಗಿ ಎಚ್ಚರವಿರುವವರು ಥರ್ಮಲ್‌ನಲ್ಲಿ ಹುಡುಕಿ, ಹೊಡೆಯುವ ಮುಂಚೆ ಇನ್ನೊಂದು ಬೆಳಕಿನಲ್ಲಿ ಖಚಿತಪಡಿಸಿಕೊಳ್ಳುತ್ತಾರೆ.

ಖಚಿತಪಡಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2010ರ ನ್ಯೂಜಿಲೆಂಡಿನ ಘಟನೆ ಸಾಕು. ಕಾಡಿನ ಬಿಡಾರದಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಹಲ್ಲುಜ್ಜುತ್ತಿದ್ದ ಯುವ ಶಿಕ್ಷಕಿಯೊಬ್ಬರು ಸ್ಪಾಟ್‌ಲೈಟ್ ಹಿಡಿದು ಬಂದ ಬೇಟೆಗಾರನ ಗುಂಡಿಗೆ ಬಲಿಯಾದರು. ಅವರ ಹಣೆಯ ದೀಪವನ್ನು ಆತ ಜಿಂಕೆಯ ಕಣ್ಣೆಂದು ತಿಳಿದಿದ್ದ. ಆ ರಾತ್ರಿ ಬೆಳಕಿಗೆ ಕೊರತೆ ಇರಲಿಲ್ಲ.

ಇದೇ ಹೊತ್ತಿಗೆ ಬೆಳಕಿನ ಇನ್ನೊಂದು ಬಳಕೆ ಬೆಳೆಯುತ್ತಿತ್ತು. ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ದನ ಕಾಯುತ್ತಿದ್ದ ಮಸಾಯಿ ಹುಡುಗ ರಿಚರ್ಡ್ ಟುರೆರೆ, ಯಾರೋ ಟಾರ್ಚು ಹಿಡಿದು ಓಡಾಡುತ್ತಿದ್ದರೆ ಸಿಂಹ ಹತ್ತಿರ ಬರುವುದಿಲ್ಲ ಎಂಬುದನ್ನು ಗಮನಿಸಿದ. ಹಳೆಯ ಕಾರಿನ ಬ್ಯಾಟರಿ, ಸೌರಫಲಕ, ಬೈಕಿನ ಇಂಡಿಕೇಟರ್ ಪೆಟ್ಟಿಗೆ, ಮುರಿದ ಟಾರ್ಚಿನ ಬಲ್ಬು ಸೇರಿಸಿ ದೊಡ್ಡಿಯ ಸುತ್ತ ಮಿನುಗುವ ದೀಪ ಕಟ್ಟಿದ. 2013ರಲ್ಲಿ ಟೆಡ್ ವೇದಿಕೆಯಲ್ಲಿ ಅದನ್ನು ವಿವರಿಸಿದಾಗ ಅವನಿನ್ನೂ ಬಾಲಕ. ಆಸ್ಟ್ರೇಲಿಯಾದ ಫಾಕ್ಸ್‌ಲೈಟ್ಸ್ ಎಂಬ ದೀಪ ಕೂಡ ಇದೇ ತತ್ವದ್ದು; ಮೂರು ಬಣ್ಣಗಳಲ್ಲಿ ಲೆಕ್ಕ ತಪ್ಪಿಸಿ ಮಿಂಚುತ್ತದೆ. ಚಿಲಿಯಲ್ಲಿ ಅಲ್ಪಾಕಾ, ಲಾಮಾ ಹಿಂಡುಗಳ ಬಳಿ ಅದನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ಯೂಮಾಗಳು ದೂರ ಉಳಿದವು, ಅಲ್ಲಿನ ನರಿಗಳು ಮಾತ್ರ ಜಗ್ಗಲಿಲ್ಲ.

ಚಿರತೆ ಓಡಾಡುವ ನಮ್ಮ ಊರುಗಳಲ್ಲಿ ಕುರಿ ಸಾಕುವವರು ಇಂಥ ದೀಪ ಕಟ್ಟುವುದಾದರೆ ಜಾಗವನ್ನು ಆಗಾಗ ಬದಲಿಸಿ. ಒಂದೇ ಕಡೆ ಮಿನುಗುವ ಬೆಳಕಿಗೆ ಪ್ರಾಣಿ ಒಗ್ಗಿಕೊಳ್ಳುತ್ತದೆ. ದೀಪ ನಂಬಿ ದೊಡ್ಡಿಯ ಬಾಗಿಲು ಸಡಿಲ ಬಿಡಬೇಡಿ. ಗಟ್ಟಿ ಗೋಡೆ, ಮೇಲೆ ಜಾಲರಿ, ಆಮೇಲೆ ದೀಪ.